ಸರ್ಪಸುತ್ತು: ಮೂರು ದಿನದ ಲೆಕ್ಕ

ಚಿಂತಾಮಣಿಯ ನನ್ನ ಕ್ಲಿನಿಕ್‌ಗೆ ಕಳೆದ ತಿಂಗಳು ಒಬ್ಬ ಅಜ್ಜಿ ಬಂದರು. ರವಿಕೆಯ ಎಡಗಡೆ ಅಂಚನ್ನು ಮೈಗೆ ತಾಕದ ಹಾಗೆ ಎರಡು ಬೆರಳಲ್ಲಿ ಎತ್ತಿ ಹಿಡಿದುಕೊಂಡೇ ಕೂತರು. ಫ್ಯಾನ್ ಆರಿಸಪ್ಪಾ ಅಂದರು, ಗಾಳಿ ಬಡಿದರೂ ಉರಿಯುತ್ತಂತೆ. ಬೆನ್ನಿಂದ ಪಕ್ಕೆಗೆ, ಪಕ್ಕೆಯಿಂದ ಎದೆಯ ಕೆಳಗೆ ಒಂದು ಪಟ್ಟಿ ಗುಳ್ಳೆ. ಅದರ ಮೇಲೆ ದಪ್ಪಗೆ ಕೆಮ್ಮಣ್ಣು ಬಳಿದಿದ್ದರು, ಒಣಗಿ ಬಿರುಕು ಬಿಟ್ಟಿತ್ತು. ಗುಳ್ಳೆ ಎದ್ದು ಆರು ದಿನ ಆಗಿತ್ತು. ಸೊಸೆ ಮೆಲ್ಲಗೆ ಕೇಳಿದರು, “ತಲೆ, ಬಾಲ ಸೇರಿಬಿಟ್ಟರೆ ಉಳಿಯಲ್ಲ ಅಂತಾರಲ್ಲ ಡಾಕ್ಟ್ರೇ?”

ಸೇರಲ್ಲ. ಚಿಕ್ಕವರಿದ್ದಾಗ ನಮಗೆಲ್ಲ ‘ಅಮ್ಮ’ ಆಗಿರುತ್ತಲ್ವಾ, ಅದೇ ಚಿಕನ್‌ಪಾಕ್ಸ್, ಅದರ ವೈರಸ್ ಗುಳ್ಳೆ ಒಣಗಿದ ಮೇಲೂ ಮೈ ಬಿಟ್ಟು ಹೋಗಲ್ಲ, ಬೆನ್ನುಹುರಿ ಪಕ್ಕದ ನರದ ಗಂಟುಗಳಲ್ಲಿ ನಲವತ್ತು ಐವತ್ತು ವರ್ಷ ಸುಮ್ನೆ ಮಲಗಿರುತ್ತದೆ. ವಯಸ್ಸಾಗಿಯೋ, ಬೇರೆ ಕಾಯಿಲೆಯಿಂದಲೋ, ಸ್ಟೀರಾಯ್ಡ್ ಅಥವಾ ಕ್ಯಾನ್ಸರ್ ಔಷಧಿಯಿಂದಲೋ ಮೈಯ ಶಕ್ತಿ ಕುಗ್ಗಿದಾಗ ಎದ್ದು, ಒಂದು ನರ ಹಿಡಿದು ಚರ್ಮಕ್ಕೆ ಬರುತ್ತದೆ, ಅದೇ ಸರ್ಪಸುತ್ತು. ಆ ನರ ಬೆನ್ನಿಂದ ಹೊಟ್ಟೆಯ ನಡುಗೆರೆವರೆಗೆ ಮಾತ್ರ. ಇನ್ನೊಂದು ಪಕ್ಕಕ್ಕೆ ಬೇರೆ ನರ. ಅದಕ್ಕೇ ಅರ್ಧ ಸುತ್ತಿಗೇ ನಿಲ್ಲುತ್ತದೆ. ಅಪರೂಪಕ್ಕೆ ಎರಡೂ ಕಡೆ, ಇಲ್ಲ ಮೈತುಂಬ ಎದ್ದರೆ ಮಾತ್ರ ದೊಡ್ಡ ಆಸ್ಪತ್ರೆಗೆ ಹೋಗಿ. ಅದು ಹಾವಿನ ಲೆಕ್ಕ ಅಲ್ಲ, ಮೈಯ ಶಕ್ತಿ ತುಂಬಾ ಕುಗ್ಗಿರುವ ಸೂಚನೆ.

ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಹಾಲೆರೆದು ಬನ್ನಿ, ನನ್ನದೇನೂ ತಕರಾರಿಲ್ಲ. ಆದರೆ ಹೋಗುವ ಮುಂಚೆ ಮಾತ್ರೆ ಶುರು ಮಾಡಿ ಹೋಗಿ. ಈ ವೈರಸ್ ತಡೆಯುವ ಅಸೈಕ್ಲೋವಿರ್ ಅಥವಾ ವಾಲಸೈಕ್ಲೋವಿರ್, ಗುಳ್ಳೆ ಕಂಡ 72 ಗಂಟೆಯೊಳಗೆ ಶುರುವಾದರೆ ಒಳ್ಳೇದು, ಸಾಮಾನ್ಯವಾಗಿ 7 ದಿನ. ತಡವಾಗಿದ್ದರೂ ಹೊಸ ಗುಳ್ಳೆ ಏಳುತ್ತಿದ್ದರೆ ಕೊಡುತ್ತೇವೆ, ಆ ಅಜ್ಜಿಗೂ ಕೊಟ್ಟೆ. ಕಿಡ್ನಿ ತೊಂದರೆ ಇದ್ದವರಿಗೆ ಡೋಸ್ ಕಡಿಮೆ ಮಾಡಬೇಕು, ಹಾಗಾಗಿ ಪಕ್ಕದ ಮನೆಯವರ ಚೀಟಿ ತೋರಿಸಿ ಮಾತ್ರೆ ತಗೋಬೇಡಿ.

ಇದರಲ್ಲಿ ಮೋಸ ಏನಂದರೆ ನೋವು ಮೊದಲು ಬರುತ್ತದೆ, ಗುಳ್ಳೆ ಆಮೇಲೆ. ನಾನೇ ಒಮ್ಮೆ ಎಡವಿದ್ದೇನೆ. ಟೊಮೆಟೊ ಬೆಳೆಯುವ ರೈತರೊಬ್ಬರು ಎಡ ಎದೆ ಚುಚ್ಚುತ್ತೆ ಅಂತ ಬಂದರು. ಇಸಿಜಿ ಮಾಡಿಸಿದೆ, ಸರಿಯಾಗಿತ್ತು. ಕ್ರೇಟ್ ಎತ್ತಿ ಹಿಡ್ಕೊಂಡಿರಬೇಕು ಅಂತ ಮುಲಾಮು ಬರೆದು ಕಳಿಸಿದೆ. ಮೂರನೇ ದಿನ ಅಂಗಿ ಬಿಚ್ಚಿ ತೋರಿಸಿದರು, ಸಾಲಾಗಿ ಗುಳ್ಳೆ. ಆವತ್ತಿಂದ ಒಂದೇ ಪಕ್ಕ ಉರಿ ಅಂದವರಿಗೆಲ್ಲ, ದಿನಾ ಕನ್ನಡಿ ಮುಂದೆ ನೋಡಿಕೊಳ್ಳಿ, ಒಂದು ಗುಳ್ಳೆ ಕಂಡರೂ ಅವತ್ತೇ ಬನ್ನಿ ಅಂತ ಹೇಳಿ ಕಳಿಸುತ್ತೇನೆ.

ಹಣೆ, ಕಣ್ಣಿನ ಸುತ್ತ, ಮೂಗಿನ ತುದಿಯಲ್ಲಿ ಗುಳ್ಳೆ ಎದ್ದರೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಬೇಕು, ದೃಷ್ಟಿಗೇ ಕುತ್ತು. ಕಿವಿಯಲ್ಲಿ ಎದ್ದು ಬಾಯಿ ಸೊಟ್ಟಗಾದರೂ ಅಷ್ಟೇ, ಕಾಯಬೇಡಿ.

ಮನೆಯಲ್ಲಿ ನೋಡಿಕೊಳ್ಳುವವರಿಗೆ ಕೆಲಸ ಜಾಸ್ತಿ ಏನಿಲ್ಲ. ಕೆಮ್ಮಣ್ಣು, ಸುಣ್ಣ, ಟೂತ್‌ಪೇಸ್ಟ್ ಯಾವುದೂ ಬೇಡ, ಕೀವಾಗುತ್ತದೆ. ದಿನಾ ಸ್ನಾನ ಮಾಡಿಸಿ, ಉಜ್ಜದೆ ಒತ್ತಿ ಒರೆಸಿ. ಹಳೇ ಪಂಚೆಯ ಮೆತ್ತನೆ ತುಂಡು ಒಗೆದು ಸಡಿಲವಾಗಿ ಮುಚ್ಚಿ. ಉರಿ ಜೋರಾದಾಗ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆ ಹತ್ತು ನಿಮಿಷ ಇಡಬಹುದು. ಪಥ್ಯ ಅಂತ ಬರೀ ಗಂಜಿ ಕುಡಿಸಬೇಡಿ, ಮುದ್ದೆ, ಸಾರು, ಮೊಟ್ಟೆ ಎಲ್ಲಾ ತಿನ್ನಲಿ. ಸಕ್ಕರೆ ಕಾಯಿಲೆ ಇದ್ದರೆ ಶುಗರ್ ನೋಡಿಸಿ.

ಅಂಟುತ್ತಾ? ಸರ್ಪಸುತ್ತು ಸರ್ಪಸುತ್ತಾಗಿ ಅಂಟಲ್ಲ. ಆದರೆ ಗುಳ್ಳೆಯ ನೀರು ತಾಗಿದರೆ, ಚಿಕನ್‌ಪಾಕ್ಸ್ ಆಗದವರಿಗೆ ಚಿಕನ್‌ಪಾಕ್ಸ್ ಆಗಬಹುದು. ಆ ಸೊಸೆ ಐದು ತಿಂಗಳ ಬಸುರಿ, ಅವರಿಗೆ ಚಿಕ್ಕಂದಿನಲ್ಲಿ ಆಗಿದೆಯೋ ಇಲ್ಲವೋ ಯಾರಿಗೂ ನೆನಪಿರಲಿಲ್ಲ. ರಕ್ತ ಪರೀಕ್ಷೆಗೆ ಬರೆದುಕೊಟ್ಟೆ, ಗುಳ್ಳೆ ಒಣಗಿ ಹಕ್ಕಳೆ ಕಟ್ಟುವವರೆಗೆ ಅಜ್ಜಿಯ ಬಟ್ಟೆ ಬದಲಿಸುವ ಕೆಲಸ ಮಗನಿಗೆ ಬಿತ್ತು. ಚೆನ್ನಾಗೇ ಮಾಡಿದ.

ಎರಡರಿಂದ ನಾಲ್ಕು ವಾರಕ್ಕೆ ಚರ್ಮ ಮಾಗುತ್ತದೆ. ಕೆಲವರಿಗೆ, ಅದರಲ್ಲೂ ಅರವತ್ತು ದಾಟಿದವರಿಗೆ, ನೋವು ಮೂರು ತಿಂಗಳಾದರೂ ಉಳಿದುಬಿಡುತ್ತದೆ. ಮೇಲೆ ಏನೂ ಕಾಣಲ್ಲ, ಮನೆಯವರು “ಗಾಯ ಮಾಗಿದೆಯಲ್ಲ, ಇನ್ನೇನು ನಾಟಕ” ಅಂತಾರೆ. ನಾಟಕ ಅಲ್ಲ, ನರಕ್ಕೇ ಪೆಟ್ಟು ಬಿದ್ದಿರುತ್ತದೆ. ಮಾಮೂಲಿ ನೋವಿನ ಮಾತ್ರೆ ಸಾಲದು, ಪ್ರೆಗಾಬಾಲಿನ್, ಗಾಬಾಪೆಂಟಿನ್ ಥರದ್ದು ಬೇಕಾಗುತ್ತದೆ. ಇವು ಮಂಪರು ತರಿಸುತ್ತವೆ, ಹಾಗಾಗಿ ರಾತ್ರಿ ಬಚ್ಚಲಿಗೆ ಏಳುವಾಗ ಯಾರಾದರೂ ಕೈ ಹಿಡಿಯಬೇಕು.

ಲಸಿಕೆ ಇದೆ, ಶಿಂಗ್ರಿಕ್ಸ್ ಅಂತ, 2023ರಲ್ಲಿ ಭಾರತಕ್ಕೂ ಬಂತು. ಐವತ್ತು ದಾಟಿದವರಿಗೆ, ಎರಡು ಡೋಸ್, ನಡುವೆ 2ರಿಂದ 6 ತಿಂಗಳು. ದುಬಾರಿ. ಒಮ್ಮೆ ಸರ್ಪಸುತ್ತು ಆದವರೂ ಗುಳ್ಳೆ ಪೂರ್ತಿ ಮಾಗಿದ ಮೇಲೆ ಹಾಕಿಸಿಕೊಳ್ಳಬಹುದು, ಯಾಕೆಂದರೆ ಮತ್ತೆ ಬರಲ್ಲ ಅಂತೇನಿಲ್ಲ.