ಓದುಗರ ಪ್ರಶ್ನೆ: ಆರ್ಕ್ನಿಯ ಇಟಾಲಿಯನ್ ಚಾಪೆಲ್ ನಿಜಕ್ಕೂ ತಗಡಿನ ಶೆಡ್ಡಾ?

ಪ್ರಶ್ನೆ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಲ್ಲಿರುವ ಇಟಾಲಿಯನ್ ಚಾಪೆಲ್‌ನ ಫೋಟೊಗಳಲ್ಲಿ ಇಟ್ಟಿಗೆ ಗೋಡೆ, ಕಲ್ಲಿನ ಕೆತ್ತನೆ ಎಲ್ಲ ಕಾಣುತ್ತದೆ. ಆದರೆ ಅದು ತಗಡಿನ ಶೆಡ್ಡು ಅಂತಾರೆ. ಯಾವುದು ನಿಜ?

ಶೆಡ್ಡೇ ನಿಜ. ಆ ಇಟ್ಟಿಗೆ, ಆ ಕೆತ್ತನೆ ಬಣ್ಣದಲ್ಲಿ ಬರೆದದ್ದು.

1939ರ ಅಕ್ಟೋಬರ್‌ನಲ್ಲಿ ಜರ್ಮನಿಯ ಸಬ್‌ಮರೀನ್ ಒಂದು ಆರ್ಕ್ನಿಯಲ್ಲಿದ್ದ ಬ್ರಿಟನ್ನಿನ ಸ್ಕಾಪಾ ಫ್ಲೋ ನೌಕಾನೆಲೆಯೊಳಗೆ ನುಸುಳಿ 'ರಾಯಲ್ ಓಕ್' ಯುದ್ಧನೌಕೆಯನ್ನು ಮುಳುಗಿಸಿತು. 800ಕ್ಕೂ ಜಾಸ್ತಿ ಜನ ಸತ್ತರು. ಆಮೇಲೆ ಚರ್ಚಿಲ್ ಪೂರ್ವದ ಕಡೆಯ ದ್ವೀಪಗಳ ನಡುವೆ ತಡೆಗೋಡೆ ಕಟ್ಟಿಸಲು ಹೊರಟರು. ಆಳುಗಳು ಸಾಲಲಿಲ್ಲ. ಉತ್ತರ ಆಫ್ರಿಕಾದಲ್ಲಿ ಸೆರೆಸಿಕ್ಕಿದ್ದ ಇಟಲಿಯ ಸೈನಿಕರನ್ನು 1942ರಲ್ಲಿ ಇಲ್ಲಿಗೆ ತಂದರು. ಲ್ಯಾಂಬ್ ಹೋಮ್ ಎಂಬ ಪುಟ್ಟ ದ್ವೀಪದಲ್ಲಿತ್ತು ಅವರ 60ನೇ ನಂಬರಿನ ಶಿಬಿರ.

ಪ್ರಾರ್ಥನೆಗೆ ಒಂದು ಜಾಗ ಬೇಕು ಅಂತ ಅವರು ಕೇಳಿಕೊಂಡಾಗ ಸಿಕ್ಕಿದ್ದು ಎರಡು ನಿಸ್ಸೆನ್ ಶೆಡ್ಡುಗಳು. ಉದ್ದಕ್ಕೆ ಸೀಳಿ ಬೋರಲು ಹಾಕಿದ ಪೀಪಾಯಿಯ ಆಕಾರ, ಸುಕ್ಕುತಗಡಿನ ಮೈ. ಎರಡನ್ನೂ ಒಂದರ ಹಿಂದೊಂದು ಜೋಡಿಸಿದರು. ಒಳಗೆ ಪ್ಲಾಸ್ಟರ್‌ಬೋರ್ಡ್ ಹೊಡೆದು ತಗಡನ್ನು ಮರೆಮಾಡಿದರು. ಅದರ ಮೇಲೆ ಚಿತ್ರ ಬಿಡಿಸಿದವರು ಮೊಯೆನಾ ಊರಿನ ದೊಮೆನಿಕೊ ಕ್ಯೊಕೆಟ್ಟಿ. ನೆರಳು ಬೆಳಕು ಎಷ್ಟು ಚೆನ್ನಾಗಿ ಕೂಡಿಸಿದ್ದಾರೆ ಅಂದರೆ ಚಪ್ಪಟೆ ಹಲಗೆಯಲ್ಲಿ ಇಟ್ಟಿಗೆ ಎದ್ದು ಕಾಣುತ್ತದೆ. ಬಲಿಪೀಠದ ಹಿಂದಿನ ಮಾತೆ ಮರಿಯಾ ಮತ್ತು ಬಾಲ ಯೇಸುವಿನ ಚಿತ್ರಕ್ಕೆ ಮಾದರಿ, ಅವರ ತಾಯಿ ಕೊಟ್ಟಿದ್ದ ಒಂದು ಪುಟ್ಟ ಚಿತ್ರಪಟ. ಯುದ್ಧದುದ್ದಕ್ಕೂ ಅದನ್ನು ಜೊತೆಯಲ್ಲೇ ಇಟ್ಟುಕೊಂಡಿದ್ದರು.

ಹಾಗಂತ ಎಲ್ಲವೂ ಬಣ್ಣವಲ್ಲ. ತಡೆಗೋಡೆ ಕೆಲಸದಿಂದಾಗಿ ಅಲ್ಲಿ ಸಿಮೆಂಟಿಗೆ ಬರವಿರಲಿಲ್ಲ. ಬಲಿಪೀಠವೂ ಕಾಂಕ್ರೀಟೇ. ಬಲಿಪೀಠದ ಮುಂದಿನ ಕಬ್ಬಿಣದ ಜಾಲರಿ ಪಲುಂಬಿ ಎಂಬ ಕಮ್ಮಾರರ ಕೈಕೆಲಸ. ಅದೊಂದನ್ನೇ ನೋಡುತ್ತ ನಿಲ್ಲಬಹುದು, ಅಷ್ಟು ನಾಜೂಕು. ದೀಪಗಳ ಗೂಡು ಮಾಡಿದ್ದು ಮಾಂಸದ ಖಾಲಿ ಡಬ್ಬಿಗಳಿಂದ.

ಒಳಗೆ ಇಷ್ಟು ಚೆಂದವಾದ ಮೇಲೆ ಹೊರಗಿನ ತಗಡು ಕಣ್ಣಿಗೆ ಚುಚ್ಚತೊಡಗಿತು. ಅದಕ್ಕೇ ಮುಂಭಾಗಕ್ಕೆ ಕಂಬ, ಕಮಾನು, ಗಂಟೆಗೂಡು ಇರುವ ಕಾಂಕ್ರೀಟ್ ಗೋಡೆ ನಿಲ್ಲಿಸಿದರು. ಬಾಗಿಲ ಮೇಲಿನ ಕ್ರಿಸ್ತನ ಮುಖ ಮಾತ್ರ ಕೆಂಪು ಜೇಡಿಮಣ್ಣಿನದು. ಪಕ್ಕಕ್ಕೆ ಹೋದರೆ ಶೆಡ್ಡಿನ ಕಮಾನು ಬೆನ್ನು ಈಗಲೂ ಕಾಣುತ್ತದೆ. ನನಗಂತೂ ಇದು ಮೋಸದ ಕಟ್ಟಡ ಅನ್ನಿಸುವುದೇ ಇಲ್ಲ. ಮನೆಯಿಂದ ಅಷ್ಟು ದೂರ ಇದ್ದವರು ತಮ್ಮೂರಿನ ಚರ್ಚನ್ನು ಇನ್ನು ಹೇಗೆ ಕಟ್ಟಬೇಕಿತ್ತು?

1944ರಲ್ಲಿ ಉಳಿದ ಕೈದಿಗಳು ದ್ವೀಪ ಬಿಟ್ಟಾಗ, ಜ್ಞಾನಸ್ನಾನದ ತೊಟ್ಟಿ ಮುಗಿಸಲು ಕ್ಯೊಕೆಟ್ಟಿ ಹಿಂದೆ ಉಳಿದರು. ಬೋರ್ಡಿನ ಮೇಲಿನ ಬಣ್ಣ ಕಲ್ಲಿನಷ್ಟು ಬಾಳುವುದಿಲ್ಲ ಅಲ್ವಾ? 1960ರಲ್ಲಿ ಅವರೇ ಬಂದು ರಿಪೇರಿ ಮಾಡಿದರು. 1964ರಲ್ಲಿ ಹೆಂಡತಿಯ ಜೊತೆ ಮತ್ತೆ ಬಂದು, ಶಿಲುಬೆಯ ಹಾದಿಯ, ಅಂದರೆ ಯೇಸುವಿನ ಕೊನೆಯ ಪಯಣದ ದೃಶ್ಯಗಳ, 14 ಮರದ ಕೆತ್ತನೆಗಳನ್ನು ಕಾಣಿಕೆ ಕೊಟ್ಟರು.