ಬ್ಯಾಕ್ಟೀರಿಯಾಕ್ಕೆ ಯಾರೂ ಸೂಜಿ ಚುಚ್ಚುವುದಿಲ್ಲ

ಜೀನ್ ತಂತ್ರಜ್ಞಾನದ ಸುದ್ದಿ ಬಂದರೆ ಸಾಕು, ಪಕ್ಕದಲ್ಲೊಂದು ಸಿರಿಂಜಿನ ಚಿತ್ರ. ಕೆಲವು ಪ್ರಾಣಿಕೋಶಗಳ ಮಟ್ಟಿಗೆ ಅದು ಸರಿಯೇ. ಆದರೆ 1982ರಲ್ಲಿ ಅನುಮತಿ ಪಡೆದ ಮಾನವ ಇನ್ಸುಲಿನ್ನಿನ ಜೀನು ಇ. ಕೋಲೈ ಎಂಬ ಬ್ಯಾಕ್ಟೀರಿಯಾದ ಒಳಹೊಕ್ಕಿದ್ದು ಹಾಗಲ್ಲ. ಎರಡು ಮೈಕ್ರೋಮೀಟರ್ ಉದ್ದದ ಜೀವಿಗೆ ಚುಚ್ಚುವುದೆಲ್ಲಿ? ಡಿಎನ್‌ಎಯನ್ನು ಒಳಗೆ ಬಿಟ್ಟುಕೊಳ್ಳುವಂತೆ ಆ ಕೋಶವನ್ನೇ ಅಣಿಗೊಳಿಸುತ್ತಾರೆ. ಲ್ಯಾಬಿನ ಮಾತಿನಲ್ಲಿ, ಕಾಂಪಿಟೆಂಟ್ ಅಂದರೆ ಸಮರ್ಥ ಮಾಡುತ್ತಾರೆ.

ನ್ಯುಮೋನಿಯಾ ತರುವ ನ್ಯುಮೋಕಾಕಸ್‌ಗೆ ಈ ಉಪಚಾರ ಬೇಕಿಲ್ಲ, ಅದು ತಾನಾಗಿಯೇ ಸಮರ್ಥವಾಗುತ್ತದೆ. ಸತ್ತ ಮಾರಕ ತಳಿಯ ಗುಣ ಬದುಕಿರುವ ಸಾಧು ತಳಿಗೆ ದಾಟಿದ್ದನ್ನು 1928ರಲ್ಲಿ ಫ್ರೆಡರಿಕ್ ಗ್ರಿಫಿತ್ ಇಲಿಗಳಲ್ಲಿ ಕಂಡರು. ದಾಟಿದ್ದು ಡಿಎನ್‌ಎ ಎಂದು 1944ರಲ್ಲಿ ಏವರಿಯ ತಂಡ ತೋರಿಸಿತು. ಇ. ಕೋಲೈ ಮಾತ್ರ ಮೊಂಡು. 1970ರಲ್ಲಿ ಹವಾಯಿಯ ಮ್ಯಾಂಡೆಲ್ ಮತ್ತು ಹೀಗಾ ಅದನ್ನು ಬಗ್ಗಿಸಿದ್ದು ಅಗ್ಗದ ಲವಣವೊಂದರಿಂದ: ಕ್ಯಾಲ್ಸಿಯಂ ಕ್ಲೋರೈಡ್.

ಡಿಎನ್‌ಎಯ ಫಾಸ್ಫೇಟಿಗೂ ಕೋಶದ ಹೊರಪದರಕ್ಕೂ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂಡುತ್ತವೆ. ಎರಡು ಧನ ಅಂಶ ಹೊತ್ತ ಕ್ಯಾಲ್ಸಿಯಂ, ಮಾತು ಬಿಟ್ಟ ದಾಯಾದಿಗಳ ನಡುವೆ ಕೂತ ಪಂಚನಂತೆ, ಇಬ್ಬರ ಕೈಯನ್ನೂ ಹಿಡಿಯುತ್ತದೆ.

ಕೋಶಗಳು ಭರದಿಂದ ಬೆಳೆಯುತ್ತಿರುವಾಗಲೇ, ಅಂದರೆ 600 ನ್ಯಾನೋಮೀಟರ್ ಬೆಳಕಿನಲ್ಲಿ ಕಲ್ಚರಿನ ಮಸುಕಿನ ಅಳತೆ (OD) 0.4ರ ಆಸುಪಾಸು ಇರುವಾಗ, ಹಿಡಿಯಬೇಕು. ರಾತ್ರಿಯಿಡೀ ಬೆಳೆದ ಕಲ್ಚರ್ ಕೆಲಸಕ್ಕೆ ಬಾರದು. ಅಲ್ಲಿಂದ ಎಲ್ಲವೂ ಮಂಜುಗಡ್ಡೆಯ ಮೇಲೆ: 100 ಮಿಲಿಮೋಲಾರ್ ಕ್ಯಾಲ್ಸಿಯಂ ಕ್ಲೋರೈಡಿನಲ್ಲಿ ತೊಳೆದು, ಮೆಲ್ಲಗೆ ಕಲಕಿ (ಜೋರಾಗಿ ಅಲುಗಿಸಿದರೆ ಸಾಯುತ್ತವೆ), 100 ಮೈಕ್ರೋಲೀಟರಿಗೆ ಕೆಲವು ನ್ಯಾನೋಗ್ರಾಂ ಪ್ಲಾಸ್ಮಿಡ್ (ಜೀನು ಹೊತ್ತ ಪುಟ್ಟ ಡಿಎನ್‌ಎ ಉಂಗುರ) ಸೇರಿಸಿ ಅರ್ಧ ಗಂಟೆ ಬಿಡಬೇಕು. ಆಮೇಲೆ 42 ಡಿಗ್ರಿ ನೀರಿನಲ್ಲಿ 45ರಿಂದ 90 ಸೆಕೆಂಡು, ಕೂಡಲೇ ಮತ್ತೆ ಮಂಜುಗಡ್ಡೆ. ತೆಳು ಟ್ಯೂಬಿಗೆ ಕಡಿಮೆ ಹೊತ್ತು, ದಪ್ಪ ಟ್ಯೂಬಿಗೆ ಹೆಚ್ಚು. ವಾಟರ್ ಬಾತ್‌ನ ಡಿಸ್‌ಪ್ಲೇ ನಂಬದೆ ಥರ್ಮಾಮೀಟರ್ ಅದ್ದಿ ನೋಡುವುದು ಲೇಸು.

ಬಿಸಿ ತಾಗಿದ ಕೋಶಗಳನ್ನು ನೇರವಾಗಿ ಆಂಪಿಸಿಲಿನ್ ಎಂಬ ಪ್ರತಿಜೀವಕ ಬೆರೆತ ತಟ್ಟೆಗೆ ಹರಡುವ ಅವಸರವೂ ಬೇಡ. ಆ ಔಷಧವನ್ನು ತಡೆಯುವ, ಪ್ಲಾಸ್ಮಿಡ್‌ನಲ್ಲಿರುವ ನಿರೋಧಕ ಜೀನು ಒಳಹೊಕ್ಕರಷ್ಟೇ ಸಾಲದು, ಅದರಿಂದ ಕಿಣ್ವ ತಯಾರಾಗಬೇಕು. ಅದಕ್ಕೇ 37 ಡಿಗ್ರಿಯಲ್ಲಿ, ಔಷಧವಿಲ್ಲದ ಸಾರದಲ್ಲಿ ಒಂದು ಗಂಟೆಯ ಆರೈಕೆ.

ಇಷ್ಟಾದರೂ ಸಮರ್ಥವಾಗುವುದು ಕೋಶಗಳ ಸಣ್ಣ ಪಾಲು ಮಾತ್ರ. ಹಾಗಾಗಿ ಡಿಎನ್‌ಎ ಹಾಕದ ಕೋಶಗಳದ್ದೂ ಒಂದು ತಟ್ಟೆ ಇರಲೇಬೇಕು. ಅದರಲ್ಲೂ ಕಾಲೊನಿ ಎದ್ದರೆ ಆಂಪಿಸಿಲಿನ್ ಸತ್ತಿದೆಯೆಂದೇ ಮೊದಲು ಶಂಕಿಸಿ. ತಟ್ಟೆಯ ಅಗರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) 50 ಡಿಗ್ರಿಗೆ ಆರುವ ಮೊದಲೇ ಔಷಧವನ್ನು ಅದಕ್ಕೆ ಸುರಿದಿರುತ್ತಾರೆ. ದೊಡ್ಡ ಕಾಲೊನಿಯ ಸುತ್ತ ರಾಗಿಕಾಳಿಗಿಂತ ಚಿಕ್ಕ ಚುಕ್ಕೆಗಳು ಮುತ್ತಿದ್ದರೆ ಅವು ಬಿಟ್ಟಿ ಗಿರಾಕಿಗಳು: ನಡುವಿನ ಕಾಲೊನಿಯ ಕಿಣ್ವ ಸುತ್ತಲಿನ ಔಷಧವನ್ನು ಕೊಂದ ಮೇಲೆ ಬೆಳೆದವು, ಪ್ಲಾಸ್ಮಿಡ್ ಇಲ್ಲದವು. 16 ಗಂಟೆಗೇ ತಟ್ಟೆ ಹೊರತೆಗೆದರೆ ಅವುಗಳ ಕಾಟ ಕಡಿಮೆ.