ಶುಗರ್ ಇದ್ದವರು ಮಾವು, ಬಾಳೆ, ಹಲಸು ತಿನ್ನಬಹುದೇ? ತಿಂದರೆ ಎಷ್ಟು?

ಪ್ರಶ್ನೆ: ನಮ್ಮದು ಮಂಡ್ಯ ಹತ್ತಿರದ ಹಳ್ಳಿ. ನಮ್ಮ ತಂದೆಯವರಿಗೆ ಶುಗರ್ ಇದೆ, ಮಾತ್ರೆ ತೆಗೆದುಕೊಳ್ಳುತ್ತಾರೆ. ಶುಗರ್ ಗೊತ್ತಾದ ದಿನದಿಂದ ಬಾಳೆ, ಮಾವು, ಹಲಸು, ಸಪೋಟ ಎಲ್ಲ ಬಿಡಿಸಿಬಿಟ್ಟಿದ್ದೇವೆ. ಸೀಬೆ, ನೇರಳೆ ಮಾತ್ರ ಎಷ್ಟು ಬೇಕಾದರೂ ಕೊಡುತ್ತೇವೆ. ಇದು ಸರಿಯೇ?

ಉತ್ತರ: ಪೂರ್ತಿ ಬಿಡಿಸಬೇಕಾಗಿಲ್ಲ. ‘ಎಷ್ಟು ಬೇಕಾದರೂ’ ಎನ್ನುವುದೂ ಸರಿಯಲ್ಲ. ಮೂತ್ರಪಿಂಡ ಚೆನ್ನಾಗಿದ್ದು ಶುಗರ್ ತಕ್ಕಮಟ್ಟಿಗೆ ಹತೋಟಿಯಲ್ಲಿದ್ದರೆ ಮಾವು, ಹಲಸು ಸೇರಿದಂತೆ ಯಾವ ಹಣ್ಣನ್ನಾದರೂ ತಿನ್ನಬಹುದು. ಆದರೆ ಅಳತೆ ಮೀರಬಾರದು, ಹಣ್ಣು ಊಟದ ಮೇಲೊಂದು ಊಟವಾಗಬಾರದು. ತಿಂದ ಹಣ್ಣಿಗೆ ತಕ್ಕಷ್ಟು ಅನ್ನವೋ ಮುದ್ದೆಯೋ ತಟ್ಟೆಯಿಂದ ಕಡಿಮೆಯಾಗಬೇಕು. ಬಹಳ ಮನೆಗಳಲ್ಲಿ ಎಡವುವುದು ಇಲ್ಲಿಯೇ.

ಲೆಕ್ಕ ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಲ್ಲಿ ಸುಮಾರು 65ರಿಂದ 70 ಗ್ರಾಂ ಕಾರ್ಬೋಹೈಡ್ರೇಟ್, ಅಂದರೆ ಪಿಷ್ಟ ಮತ್ತು ಸಕ್ಕರೆ, ಇರುತ್ತದೆ. 100 ಗ್ರಾಂ ಅನ್ನದಲ್ಲಿ, ಅಂದರೆ ಪುಟ್ಟ ಬಟ್ಟಲಿನಷ್ಟರಲ್ಲಿ, 28 ಗ್ರಾಂ. ಕಾಲು ಕೆ.ಜಿ. ತೂಗುವ ಬಾದಾಮಿ ಮಾವಿನ ಅರ್ಧ ಹಣ್ಣಿನಲ್ಲಿ ಇರುವುದು 13 ಗ್ರಾಂ ಆಸುಪಾಸು. ಪಿಷ್ಟವಾಗಲಿ ಸಕ್ಕರೆಯಾಗಲಿ ಕೊನೆಗೆ ರಕ್ತದಲ್ಲಿ ಗ್ಲೂಕೋಸನ್ನು ಏರಿಸುತ್ತವೆ. ರಾಗಿ ನಿಧಾನ, ಅದು ಒಳ್ಳೆಯದು ಎಂದು ಎರಡು ದೊಡ್ಡ ಮುದ್ದೆ ನುಂಗಿದವರು ಮಾವಿನ ಹೋಳು ಕಂಡರೆ ಹೆದರುವುದರಲ್ಲಿ ಅರ್ಥವಿಲ್ಲ.

ಹಣ್ಣಿನ ಸಕ್ಕರೆಯಲ್ಲಿ ಒಂದು ಭಾಗ ಫ್ರಕ್ಟೋಸ್. ಅದು ಮೊದಲು ಯಕೃತ್ತಿಗೆ ಹೋಗುವುದರಿಂದ ರಕ್ತದ ಗ್ಲೂಕೋಸನ್ನು ನೇರವಾಗಿ ಹೆಚ್ಚು ಏರಿಸುವುದಿಲ್ಲ. ಜೊತೆಗೆ ಸಕ್ಕರೆ ನಾರಿನ ಗೋಡೆಗಳೊಳಗೆ, ನೀರಿನೊಂದಿಗೆ ಇರುತ್ತದೆ. ಅಗಿದು, ಜೀರ್ಣವಾಗಿ, ಹೊರಬರಲು ಹೊತ್ತು ಹಿಡಿಯುತ್ತದೆ. ಆಹಾರ ರಕ್ತದ ಗ್ಲೂಕೋಸನ್ನು ಎಷ್ಟು ಬೇಗ ಏರಿಸುತ್ತದೆ ಎಂದು ಹೇಳುವ ಅಳತೆಗೆ ಗ್ಲೈಸೀಮಿಕ್ ಸೂಚ್ಯಂಕ ಎನ್ನುತ್ತಾರೆ. ಮಾವು, ಬಾಳೆಗಳದ್ದು 50ರ ಆಸುಪಾಸಿನಲ್ಲಿದ್ದರೆ ಬಿಳಿ ಅನ್ನದ್ದು ಸಾಮಾನ್ಯವಾಗಿ 70ರ ಹತ್ತಿರ. ಆದರೆ ಈ ಸಂಖ್ಯೆಯೊಂದನ್ನೇ ನಂಬಬೇಡಿ. ಕಲ್ಲಂಗಡಿಯ ಸೂಚ್ಯಂಕ 70 ದಾಟುತ್ತದೆ, ಹಾಗಿದ್ದೂ 200 ಗ್ರಾಂ ತಿಂದರೆ ಸಿಗುವ ಕಾರ್ಬೋಹೈಡ್ರೇಟ್ 15 ಗ್ರಾಂ ಮಾತ್ರ, ಮಿಕ್ಕದ್ದು ನೀರು. ವೇಗ ಎಷ್ಟು ಮುಖ್ಯವೋ ಪ್ರಮಾಣವೂ ಅಷ್ಟೇ ಮುಖ್ಯ.

ಆಹಾರ ತಜ್ಞರು ಲೆಕ್ಕಕ್ಕೆ 15 ಗ್ರಾಂ ಕಾರ್ಬೋಹೈಡ್ರೇಟನ್ನು ಒಂದು ಪಾಲು ಎಂದು ಹಿಡಿಯುತ್ತಾರೆ. ಅಡುಗೆಮನೆಯಲ್ಲಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಒಂದೆರಡು ವಾರ ತೂಗಿ ನೋಡಿ, ಆಮೇಲೆ ಕಣ್ಣಳತೆಯೇ ಸಾಕಾಗುತ್ತದೆ. ಸಿಪ್ಪೆ, ಬೀಜ ತೆಗೆದ ತೂಕದಲ್ಲಿ ಹೇಳುವುದಾದರೆ ಮಾವು 100 ಗ್ರಾಂ, ಪರಂಗಿ ಹಣ್ಣು ಒಂದು ಬಟ್ಟಲು ಅಂದರೆ 140 ಗ್ರಾಂ, ಅನಾನಸ್ 110 ಗ್ರಾಂ, ದಾಳಿಂಬೆ ಕಾಳು 80 ಗ್ರಾಂ. ಸೀಬೆಯನ್ನು ಬೀಜದ ಸಮೇತವೇ ತೂಗಿ, 100 ಗ್ರಾಂನ ಒಂದು ಹಣ್ಣು. ಸಪೋಟ ಒಂದೇ ಒಂದು, 75 ಗ್ರಾಂ. ಸೀತಾಫಲದ ತಿರುಳು ಬರೀ 60 ಗ್ರಾಂಗೆ ಪಾಲು ಮುಗಿಯಿತು, ಮಧ್ಯಮ ಗಾತ್ರದ ಹಣ್ಣಿನಲ್ಲಿ ಅರ್ಧ. ಹಲಸಿನಲ್ಲಿ ತೊಳೆಯ ಗಾತ್ರ ನೋಡಿಕೊಂಡು ಎರಡೋ ಮೂರೋ, ಒಟ್ಟು 65 ಗ್ರಾಂ ಮೀರದಂತೆ. ಹಲಸು ಕೊಯ್ದಾಗ ಮನೆಮಂದಿಯೆಲ್ಲ ಸುತ್ತ ಕೂತು ಬಿಡಿಸುತ್ತಾ ತಿನ್ನುವ ರೂಢಿ ಇದೆಯಲ್ಲ, ಅಲ್ಲಿ ಲೆಕ್ಕ ತಪ್ಪುವುದು ಖಂಡಿತ. ಶುಗರ್ ಇದ್ದವರ ಪಾಲನ್ನು ಮೊದಲೇ ತಟ್ಟೆಗೆ ಹಾಕಿ ಕೊಡಿ.

ಬಾಳೆಯ ವಿಷಯ ಬಿಡಿಸಿ ಹೇಳಬೇಕು. ಪುಟ್ಟಬಾಳೆ, ಅಂದರೆ ಏಲಕ್ಕಿ ಬಾಳೆ, ಸುಲಿದ ಮೇಲೆ 40ರಿಂದ 60 ಗ್ರಾಂ ಬರುತ್ತದೆ. ಒಂದು ತಿಂದರೆ ಒಂದು ಪಾಲಿನೊಳಗೇ ಇರುತ್ತೀರಿ. ಪಚ್ಚಬಾಳೆ ಸುಲಿದರೂ 100 ಗ್ರಾಂ ಮೇಲೆ ತೂಗುತ್ತದೆ, ಒಂದರಲ್ಲೇ ಸುಮಾರು 25 ಗ್ರಾಂ. ‘ಒಂದೇ ಬಾಳೆಹಣ್ಣು ತಿಂದದ್ದು’ ಎನ್ನುವ ಇಬ್ಬರ ಮೀಟರ್‌ನಲ್ಲಿ ಬೇರೆ ಬೇರೆ ಸಂಖ್ಯೆ ಬರಲು ಇದೂ ಒಂದು ಕಾರಣ. ನಂಜನಗೂಡು ರಸಬಾಳೆ ಸಿಕ್ಕರೆ ಬಿಡಬೇಡಿ, ಸೊರಗು ರೋಗಕ್ಕೆ ತೋಟಗಳು ಕರಗಿ ಅದು ಅಪರೂಪವಾಗಿದೆ. ಆದರೆ ಅದನ್ನೂ ಸುಲಿದು ತೂಗಿಯೇ ತಿನ್ನಿ, ಯಾವ ಬಾಳೆಯಾದರೂ 65 ಗ್ರಾಂಗೆ ಒಂದು ಪಾಲು. ಹಣ್ಣಾಗುತ್ತಾ ಹೋದಂತೆ ಬಾಳೆಯ ಪಿಷ್ಟ ಸಕ್ಕರೆಯಾಗುತ್ತದೆ. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆ ತುಂಬಿದ ಹಣ್ಣಿಗಿಂತ, ಹಳದಿ ತಿರುಗಿ ಇನ್ನೂ ಗಟ್ಟಿ ಇರುವ ಹಣ್ಣು ಶುಗರನ್ನು ನಿಧಾನವಾಗಿ ಏರಿಸುತ್ತದೆ.

ಇಷ್ಟೆಲ್ಲ ಲೆಕ್ಕ ಇಟ್ಟು ಹಣ್ಣನ್ನು ಯಾಕೆ ತಿನ್ನಬೇಕು? ನಾರು, ಪೊಟ್ಯಾಸಿಯಂ, ‘ಸಿ’ ಜೀವಸತ್ವ ಬೇಕು ಎಂಬುದಕ್ಕೆ. 100 ಗ್ರಾಂ ಸೀಬೆಯಲ್ಲಿ 5 ಗ್ರಾಂ ನಾರು, 200 ಮಿಲಿಗ್ರಾಂಗೂ ಮೀರಿ ‘ಸಿ’ ಜೀವಸತ್ವ. ದೊಡ್ಡವರ ದಿನದ ಅಗತ್ಯದ ಎರಡು ಪಟ್ಟಿಗಿಂತ ಹೆಚ್ಚು. ರಾಗಿ, ಸೊಪ್ಪಿನ ಕಬ್ಬಿಣಾಂಶ ಮೈಗೆ ಹತ್ತುವುದು ಕಡಿಮೆ. ಅದೇ ಊಟದ ಜೊತೆ ಸೀಬೆಯ ಹೋಳಿದ್ದರೆ ಹೆಚ್ಚು ಹತ್ತುತ್ತದೆ. ಮಾವು, ಪರಂಗಿಯಲ್ಲಿ ‘ಎ’ ಜೀವಸತ್ವಕ್ಕೆ ಮೂಲವಾದ ಬಣ್ಣದ ಅಂಶಗಳಿವೆ. ಚೀನಾದ ಸುಮಾರು 5 ಲಕ್ಷ ವಯಸ್ಕರನ್ನು ಏಳು ವರ್ಷ ಗಮನಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದಿನವೂ ತಾಜಾ ಹಣ್ಣು ತಿನ್ನುವವರಿಗೆ ಮಧುಮೇಹ ಬರುವ ಪ್ರಮಾಣ ಕಡಿಮೆಯಿತ್ತು. ಆಗಲೇ ಮಧುಮೇಹ ಇದ್ದವರಲ್ಲೂ ಹಣ್ಣು ತಿನ್ನುವವರಿಗೆ ಕಾಯಿಲೆಯ ತೊಡಕುಗಳು ಕಡಿಮೆಯಿದ್ದವು. ಇದು ಗಮನಿಸಿ ಕಂಡದ್ದು, ಹಣ್ಣೇ ಕಾರಣ ಎಂಬ ಸಾಬೀತಲ್ಲ. ಆದರೂ ಹಣ್ಣನ್ನು ಮನೆಯಿಂದಲೇ ಗಡೀಪಾರು ಮಾಡಲು ಆಧಾರವಿಲ್ಲ ಎನ್ನಲು ಇಷ್ಟು ಸಾಕು.

ಹಣ್ಣಿಗೆ ಹೇಳಿದ್ದು ರಸಕ್ಕೆ ಸಲ್ಲುವುದಿಲ್ಲ. ಸೋಸಿದಾಗ ನಾರು ಹೊರಗೆ, ಮೂರು ಹಣ್ಣಿನ ಸಕ್ಕರೆ ಒಂದೇ ಲೋಟದೊಳಗೆ, ಕುಡಿಯಲು ಒಂದು ನಿಮಿಷವೂ ಬೇಡ. ಸೀಕರಣೆ, ರಸಾಯನ ಮಾಡುವಾಗ ಮೇಲಿಂದ ಬೆಲ್ಲವೋ ಸಕ್ಕರೆಯೋ ಬೀಳುತ್ತದೆ; ಬೆಲ್ಲವಾದರೂ ಲೆಕ್ಕ ಒಂದೇ. ನಮ್ಮ ರಸ್ತೆ ಬದಿಯ ಕಬ್ಬಿನ ಹಾಲು 200 ಮಿ.ಲೀ. ಲೋಟಕ್ಕೆ 25ರಿಂದ 30 ಗ್ರಾಂ ಸಕ್ಕರೆ ಕೊಡುತ್ತದೆ, ನಾರು ಏನೂ ಇಲ್ಲ. ಶುಗರ್ ಇದ್ದವರು ಅದನ್ನು ಬಿಡುವುದೇ ಲೇಸು. ಮದ್ದೂರಿನ ಎಳನೀರು ಹಾಗಲ್ಲ, 250 ಮಿ.ಲೀ.ಗೆ 6ರಿಂದ 10 ಗ್ರಾಂ ಸಕ್ಕರೆ ಅಷ್ಟೇ. ದಿನಕ್ಕೊಂದು ಕುಡಿದರೆ ಅಡ್ಡಿಯಿಲ್ಲ. ಕಾಯೊಳಗಿನ ಗಂಜಿ ಬಲಿತಷ್ಟೂ ಅದರ ಲೆಕ್ಕ ಬೇರೆ, ಅದರಲ್ಲಿ ಕೊಬ್ಬು ಹೆಚ್ಚು.

ಯಾವಾಗ ತಿನ್ನಬೇಕು? ಬೆಳಗಿನ ತಿಂಡಿಗೂ ಮಧ್ಯಾಹ್ನದ ಊಟಕ್ಕೂ ನಡುವೆ ಒಂದು ಪಾಲು, ಸಂಜೆ ನಾಲ್ಕು–ಐದರ ಹೊತ್ತಿಗೆ ಇನ್ನೊಂದು. ಜೊತೆಗೆ ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ ಇದ್ದರೆ ಏರಿಕೆ ಇನ್ನೂ ನಿಧಾನವಾಗುತ್ತದೆ. ತಿಂದ ಮೇಲೆ ಹದಿನೈದು ನಿಮಿಷ ನಡೆದರೆ ಸ್ನಾಯುಗಳು ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ. ರಾತ್ರಿ ಭರ್ತಿ ಊಟ ಮಾಡಿ, ಮೇಲೊಂದು ಬಾಳೆಹಣ್ಣು ತಿಂದು ಮಲಗುವುದು ಮಾತ್ರ ಬೇಡ. ರಕ್ತದೊತ್ತಡ ಇದ್ದವರು ಸೀಬೆಗೆ, ಮಾವಿಗೆ ಉಪ್ಪು–ಖಾರ ಬಳಿಯುವುದನ್ನೂ ಬಿಡಬೇಕು.

ನಿಮ್ಮ ತಂದೆಯವರ ಮೈಗೆ ಯಾವ ಹಣ್ಣು ಎಷ್ಟು ಒಗ್ಗುತ್ತದೆ ಎಂಬುದನ್ನು ಮನೆಯ ಗ್ಲೂಕೋಮೀಟರ್ ಹೇಳುತ್ತದೆ. ತಿನ್ನುವ ಮುಂಚೆ ಒಮ್ಮೆ ನೋಡಿ. ಒಂದೇ ಹಣ್ಣನ್ನು ತೂಗಿ ಕೊಡಿ, ಮೊದಲ ತುತ್ತಿನಿಂದ ಗಂಟೆ ಲೆಕ್ಕ ಹಿಡಿದು ಎರಡು ಗಂಟೆಗೆ ಮತ್ತೆ ನೋಡಿ. 180 ದಾಟದಿದ್ದರೆ, ಮುಂಚಿನದಕ್ಕಿಂತ ಏರಿಕೆ 40–50ರೊಳಗಿದ್ದರೆ ಆ ಅಳತೆ ಸರಿ. ಮೀರಿದರೆ ಹಣ್ಣನ್ನು ಬಿಡಿಸುವ ಮೊದಲು ಅಳತೆಯನ್ನು ಅರ್ಧ ಮಾಡಿ ಇನ್ನೊಂದು ದಿನ ನೋಡಿ. ಒಂದು ಎಚ್ಚರಿಕೆ: ಹಣ್ಣು ಬಿಡಿಸಿದ ಕೈಯಲ್ಲೇ ಬೆರಳು ಚುಚ್ಚಿದರೆ ಚರ್ಮಕ್ಕೆ ಅಂಟಿದ ಸಕ್ಕರೆ ರಕ್ತದ ಹನಿಗೆ ಸೇರಿ ಮೀಟರ್ ಸುಳ್ಳು ಹೇಳುತ್ತದೆ, 300 ತೋರಿಸಿದರೂ ಆಶ್ಚರ್ಯವಿಲ್ಲ. ಸ್ಪಿರಿಟ್ ಹತ್ತಿಯಲ್ಲಿ ಒರೆಸಿದರೆ ಸಾಲದು. ಸೋಪು, ನೀರಿನಲ್ಲಿ ತೊಳೆದು, ಒಣಗಿಸಿ ಚುಚ್ಚಿ. ಮೀಟರ್‌ನಲ್ಲೂ 15 ಶೇಕಡಾದಷ್ಟು ಆಚೀಚೆ ಸಹಜ, ಆದ್ದರಿಂದ ಒಂದೇ ದಿನದ ಸಂಖ್ಯೆ ಹಿಡಿದು ತೀರ್ಮಾನಕ್ಕೆ ಬರಬೇಡಿ.

ನೇರಳೆ ಒಳ್ಳೆಯ ಹಣ್ಣು. ಆದರೆ ಅದು ಔಷಧಿಯಲ್ಲ. ನೇರಳೆ ಬೀಜದ ಪುಡಿ ಶುರುಮಾಡಿ ಮಾತ್ರೆ ನಿಲ್ಲಿಸುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಮೂತ್ರಪಿಂಡ ಚೆನ್ನಾಗಿರುವವರಿಗೆ. ಮೂತ್ರಪಿಂಡದ ಕೆಲಸ ಹೇಗಿದೆ ಎಂದು ತಿಳಿಸುವ ರಕ್ತಪರೀಕ್ಷೆಯ ಕ್ರಿಯಾಟಿನಿನ್ ಏರಿದ್ದರೆ ಬಾಳೆ, ಹಲಸು, ಎಳನೀರಿನ ಪೊಟ್ಯಾಸಿಯಂ ಮೈಯಲ್ಲೇ ಉಳಿದು ಹೃದಯದ ಬಡಿತ ಕೆಡಬಹುದು. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಟೆಲ್ಮಿಸಾರ್ಟಾನ್, ಲೊಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಅಪಾಯ ಇನ್ನೂ ಹೆಚ್ಚು. ವರ್ಷಕ್ಕೊಮ್ಮೆಯಾದರೂ ಕ್ರಿಯಾಟಿನಿನ್, ಮೂತ್ರದ ಪರೀಕ್ಷೆ ಮಾಡಿಸಿ, ವರದಿಯನ್ನು ವೈದ್ಯರಿಗೆ ತೋರಿಸಿಯೇ ಹಣ್ಣಿನ ಅಳತೆ ನಿರ್ಧರಿಸಿ. ಮೂತ್ರಪಿಂಡದ ಕಾಯಿಲೆ ಇರುವವರು ಕಮರಾಕ್ಷಿ (ಸ್ಟಾರ್ ಫ್ರೂಟ್) ಹಣ್ಣನ್ನು ಒಂದು ಹೋಳೂ ಮುಟ್ಟಬಾರದು. ಅದರಲ್ಲಿರುವ ವಿಷಾಂಶ ಮೆದುಳಿಗೆ ಏರಿ ನಿಲ್ಲದ ಬಿಕ್ಕಳಿಕೆ, ಗೊಂದಲ, ಫಿಟ್ಸ್ ಬರಬಹುದು.

ಏಕಾದಶಿ, ಶಿವರಾತ್ರಿಗೆ ಊಟ ಬಿಟ್ಟು ಹಣ್ಣಿನಲ್ಲೇ ಇರುವವರು ಇನ್ಸುಲಿನ್ ಅಥವಾ ಗ್ಲಿಮಿಪಿರೈಡ್ ಮಾತ್ರೆಯಲ್ಲಿದ್ದರೆ ಮೊದಲೇ ವೈದ್ಯರನ್ನು ಕೇಳಿ ಆ ದಿನದ ಡೋಸ್ ಬದಲಿಸಿಕೊಳ್ಳಬೇಕು. ಶುಗರ್ 70ಕ್ಕಿಂತ ಕೆಳಗಿಳಿದು ಬೆವರು, ನಡುಕ ಶುರುವಾದರೆ ಬಾಳೆಹಣ್ಣು ಸುಲಿಯುತ್ತಾ ಕೂರಬೇಡಿ, ಅದು ನಿಧಾನ. ಮೂರು ಟೀ ಚಮಚ ಗ್ಲೂಕೋಸ್ ಪುಡಿಯನ್ನು ನೀರಿನಲ್ಲಿ ಕದಡಿ ಕೊಡಿ, 15 ನಿಮಿಷಕ್ಕೆ ಮತ್ತೆ ಪರೀಕ್ಷಿಸಿ, 70 ದಾಟದಿದ್ದರೆ ಇನ್ನೊಮ್ಮೆ ಕೊಡಿ. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಕರೆದೊಯ್ಯಿರಿ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ತೆಗೆದುಕೊಳ್ಳುವವರಿಗೆ ಇಂಥ ಹೊತ್ತಿನಲ್ಲಿ ಸಕ್ಕರೆ ನೀರೂ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸೇ ಆಗಬೇಕು. ಮನೆಯಲ್ಲಿ ಒಂದು ಪೊಟ್ಟಣ ಸದಾ ಇರಲಿ, ಅದು ಎಲ್ಲಿದೆ ಎಂದು ಮನೆಯವರಿಗೆಲ್ಲ ಗೊತ್ತಿರಲಿ.